ಆ ಕೊನೆಯ ಪ್ಯಾರಾ ತೆಗೆದುಬಿಡು

ಪ್ರೀತಿಯ ಮಗಳೇ,

ಕರ್ತನಲ್ಲಿ ವಂದನೆಗಳು. ನೀನು ಕಳಿಸಿದ ಲೇಖನವನ್ನೂ ಜೊತೆಗಿದ್ದ ಪತ್ರವನ್ನೂ ಎರಡೆರಡು ಸಲ ಓದಿದೆ. ಲೇಖನದಲ್ಲಿ ಅಮ್ಮನ ಕಾಯಿಲೆ, ಮರಣ, ಕೊನೆಗೆ ಈಗ ನನಗೆ ಯಾವ ಸಂದೇಹವೂ ಇಲ್ಲ ಎಂಬ ಸಾಕ್ಷಿ. ಪತ್ರದಲ್ಲಾದರೋ, ಐದು ತಿಂಗಳಿಂದ ಪ್ರಾರ್ಥನೆಗೆ ಕುಳಿತರೆ ಗೋಡೆಯ ಜೊತೆ ಮಾತನಾಡಿದಂತಾಗುತ್ತದೆ ಎಂಬ ಅಳಲು. ಇಂಥವಳಿಗೆ ವಿಶ್ವಾಸದ ಬಗ್ಗೆ ಬರೆಯುವ ಹಕ್ಕಿದೆಯೇ ಎಂದು ಕೇಳಿದ್ದೀಯ. ಖಂಡಿತ ಇದೆ. ಆದರೆ ಆ ಕೊನೆಯ ಪ್ಯಾರಾ ಬರೆಯುವ ಹಕ್ಕು ಇನ್ನೂ ಬಂದಿಲ್ಲ. ಅದನ್ನು ತೆಗೆದುಬಿಡು.

ಬೈಬಲಿನ 88ನೇ ಕೀರ್ತನೆಯನ್ನು ತೆರೆದು ನೋಡು. ಹಗಲಿರುಳು ಮೊರೆಯಿಟ್ಟವನಿಗೆ ಅಲ್ಲಿ ಉತ್ತರವೇ ಸಿಗುವುದಿಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದ 'ಕತ್ತಲೆ'. ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಸ್ತುತಿಯತ್ತ ಹೊರಳುತ್ತವೆ, ಇದು ಹೊರಳುವುದಿಲ್ಲ. ಆದರೂ 150 ಕೀರ್ತನೆಗಳ ನಡುವೆ ಅದಕ್ಕೆ ಜಾಗ ಸಿಕ್ಕಿತು; ಕೊನೆಗೊಂದು ಸ್ತೋತ್ರವನ್ನು ಯಾರೂ ಅಂಟಿಸಲಿಲ್ಲ. ಇನ್ನೊಂದು ಮಾತು: ಆ ಕವಿ ತನ್ನ ದೂರನ್ನೆಲ್ಲ 'ನೀನು' ಎಂದು ಕರೆದು ದೇವರ ಮುಖಕ್ಕೇ ಹೇಳುತ್ತಾನೆ. ನಿನ್ನ ಲೇಖನದಲ್ಲಿ ದೇವರು ಮೊದಲಿನಿಂದ ಕೊನೆಯವರೆಗೂ 'ಆತನು' ಆಗಿಯೇ ಇದ್ದಾನೆ.

ನಮ್ಮ ಚರ್ಚಿನ ಪ್ರಸಂಗಗಳಲ್ಲಿ ಯೇಸುವಿನ ಶಿಷ್ಯ ತೋಮನಿಗೆ ಬೈಗುಳವೇ ಹೆಚ್ಚು. ಯೋಹಾನನ ಸುವಾರ್ತೆಯ 20ನೇ ಅಧ್ಯಾಯವನ್ನು ನಿಧಾನವಾಗಿ ಓದು. ಸತ್ತ ಯೇಸು ಎದ್ದುಬಂದನೆಂದು ಉಳಿದ ಶಿಷ್ಯರು ಹೇಳಿದಾಗ, ಆತನ ಗಾಯದಲ್ಲಿ ಬೆರಳಿಟ್ಟ ಹೊರತು ನಂಬುವುದಿಲ್ಲ ಎಂದವನು ಎಂಟು ದಿನಗಳಾದ ಮೇಲೆ ಎಲ್ಲಿದ್ದ? ನಂಬಿದವರ ಜೊತೆಯಲ್ಲೇ, ಮನೆಯೊಳಗೆ. ಉಳಿದವರೆಲ್ಲ ಹಿಗ್ಗಿನಲ್ಲಿದ್ದಾಗ ಅವನು ಅವರ ಸಾಲಿನಲ್ಲಿ ಹೇಗೆ ಊಟಕ್ಕೆ ಕುಳಿತಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ.

ನನ್ನ ಮಗ ತೀರಿಕೊಂಡ ವರ್ಷ ನಾನೂ ಹಾಗೆಯೇ ಕುಳಿತಿದ್ದೆ. ಆರಾಧನೆಗೆ ಹೋಗುತ್ತಿದ್ದೆ, ಹಾಡಲು ಬಾಯಿ ಬರುತ್ತಿರಲಿಲ್ಲ. ಪಕ್ಕದ ಅಜ್ಜಿಯೊಬ್ಬರು ಏನನ್ನೂ ಕೇಳದೆ ತಮ್ಮ ಹಾಡಿನ ಪುಸ್ತಕವನ್ನು ನನ್ನ ಕಡೆಗೆ ಸರಿಸಿ, ಸಾಲುಗಳ ಕೆಳಗೆ ಬೆರಳು ಓಡಿಸುತ್ತಾ ಹಾಡುತ್ತಿದ್ದರು. ಉಗುರಿನ ಅಂಚಿನಲ್ಲಿ ಅರಿಶಿನದ ಕಲೆ. ಎಷ್ಟೋ ಭಾನುವಾರ ನಾನು ಆ ಬೆರಳನ್ನಷ್ಟೇ ನೋಡಿ ಮನೆಗೆ ಬಂದಿದ್ದೇನೆ. ಅಂದು ನನ್ನಲ್ಲಿ ಉಳಿದಿದ್ದ ವಿಶ್ವಾಸ ಅಷ್ಟೇ. ಅವರು ನನ್ನ ಪಾಲಿನದನ್ನೂ ಹಾಡಿದರು.

ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಅನೇಕರು ಬೆಚ್ಚಿಬಿದ್ದರು. ಕೋಲ್ಕತ್ತದ ಬಡವರ ನಡುವೆ ಕೆಲಸ ಆರಂಭಿಸಿದ ಕಾಲದಿಂದ 1997ರಲ್ಲಿ ತೀರಿಕೊಳ್ಳುವವರೆಗೆ, 1958ರ ಕೆಲವು ವಾರಗಳನ್ನು ಬಿಟ್ಟರೆ, ಅವರ ಮನಸ್ಸಿನೊಳಗೆ ಬಹುಮಟ್ಟಿಗೆ ಕತ್ತಲೆಯೇ. ಆ ಪತ್ರಗಳನ್ನು ನಾಶಮಾಡಿ ಎಂದು ಅವರೇ ಕೇಳಿಕೊಂಡಿದ್ದರು. ಉಳಿಸಿದ್ದು ಒಳ್ಳೆಯದಾಯಿತು ಎಂದೇ ನಾನು ನಂಬಿದ್ದೇನೆ. ನಿನ್ನಂಥವರಿಗೆ ಅವು ಬೇಕಾಗಿದ್ದವು.

ನಿನ್ನ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ವಾಕ್ಯ: ಅಮ್ಮನ ಕನ್ನಡಕ ಇನ್ನೂ ಅವರ ಬೈಬಲಿನೊಳಗೇ ಇದೆ, ತೆಗೆಯಲು ಕೈ ಬರುತ್ತಿಲ್ಲ ಎಂದದ್ದು. ಅಲ್ಲಿಂದ ಶುರುಮಾಡು. ಅವಸರವಿಲ್ಲ. ಈ ಭಾನುವಾರ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವಿದ್ದರೆ ಹೋಗು, ಹಾಡಲಾಗದಿದ್ದರೆ ಸುಮ್ಮನೆ ಕುಳಿತುಕೊ. ತಿದ್ದಿದ ಪ್ರತಿಯನ್ನು ಅಂಚೆಯಲ್ಲೇ ಕಳಿಸು, ಮೊಬೈಲಿನಲ್ಲಿ ಓದುವುದು ಈಗ ಕಣ್ಣಿಗೆ ಕಷ್ಟ. ಎಂದಾದರೂ ಆ ಬೈಬಲನ್ನು ತೆರೆದರೆ, ಕನ್ನಡಕ ಯಾವ ಪುಟದಲ್ಲಿತ್ತು ಎಂದು ನನಗೂ ತಿಳಿಸು.

ಇಂತಿ,
ನಿನ್ನ ಸಂಡೇ ಸ್ಕೂಲ್ ಮೇಷ್ಟ್ರು