ಸಿಕ್ಸ್ತ್ ಫಾರ್ಮ್ ಸೇರುವ ಮಕ್ಕಳ ತಂದೆತಾಯಿಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಇಂಗ್ಲೆಂಡ್‌ನಲ್ಲಿ ಸೆಪ್ಟೆಂಬರ್‌ಗೆ ಶಾಲೆಯ ಹನ್ನೆರಡನೇ ವರ್ಷಕ್ಕೆ, ಅಂದರೆ ಶಾಲೆಯ ಕೊನೆಯ ಎರಡು ವರ್ಷಗಳಾದ ಸಿಕ್ಸ್ತ್ ಫಾರ್ಮ್‌ಗೆ, ಹೋಗುವ ಮಕ್ಕಳ ಬಗ್ಗೆ ಹಲವರು ಕೇಳಿದ್ದೀರಿ, ಅದಕ್ಕೇ ಈ ಸೂಚನೆ.

ವಯಸ್ಸು ನಮ್ಮ ಪಿಯುಸಿಯದೇ, ರೀತಿ ಮಾತ್ರ ಬೇರೆ. ಜಿಸಿಎಸ್‌ಇಯಲ್ಲಿ (ಹನ್ನೊಂದನೇ ವರ್ಷದ ಕೊನೆಯ ಪರೀಕ್ಷೆ) ಒಂಬತ್ತು ಹತ್ತು ವಿಷಯ ಓದಿದವರಿಗೆ ಸಿಕ್ಸ್ತ್ ಫಾರ್ಮ್‌ನಲ್ಲಿ ಸಾಮಾನ್ಯವಾಗಿ ಮೂರೇ ಎ ಲೆವೆಲ್ (ಸಿಕ್ಸ್ತ್ ಫಾರ್ಮ್ ಕೊನೆಯಲ್ಲಿ ಬರೆಯುವ ಪರೀಕ್ಷೆ) ವಿಷಯಗಳು. ಮೂರೇ ತಾನೆ ಎಂದು ಹಗುರವಾಗಿ ಎಣಿಸಬೇಡಿ. ಜಿಸಿಎಸ್‌ಇ ಗಣಿತದಲ್ಲಿ ಅತ್ಯುನ್ನತ ಗ್ರೇಡ್ ಆದ 9 ಪಡೆದ ಮಗುವೂ ಮೊದಲ ಕಿರುಪರೀಕ್ಷೆಯಲ್ಲಿ ಅರ್ಧದಷ್ಟೇ ಅಂಕ ತಂದೀತು. ಗದರಬೇಡಿ, ಯಾವ ಪಾಠ ಎಡವಿತು ಎಂದು ಕೇಳಿ.

ಮಂಗಳವಾರ ಮಧ್ಯಾಹ್ನ ಎರಡಕ್ಕೇ ಮಗ ಮನೆಗೆ ಬಂದರೆ ತರಗತಿ ತಪ್ಪಿಸಿದ್ದಾನೆ ಎಂದುಕೊಳ್ಳಬೇಡಿ. ವೇಳಾಪಟ್ಟಿಯಲ್ಲೇ ಬಿಡುವಿನ ಅವಧಿಗಳಿರುತ್ತವೆ, ಕೆಲವು ಶಾಲೆಗಳು ಆಗ ಮನೆಗೆ ಬಿಡುತ್ತವೆ. ಆದರೆ ಅದು ಸ್ವಂತ ಓದಿನ ಹೊತ್ತು. ತರಗತಿಯಲ್ಲಿ ಕೂತಷ್ಟೇ ಹೊತ್ತು ಹೊರಗೂ ಓದಬೇಕೆಂಬುದು ಅನೇಕ ಶಾಲೆಗಳ ನಿರೀಕ್ಷೆ. ಶನಿವಾರದ ಅಂಗಡಿ ಕೆಲಸಕ್ಕೆ ನನ್ನ ವಿರೋಧವಿಲ್ಲ, ವಾರವಿಡೀ ಸಂಜೆ ಪಾಳಿ ಮಾತ್ರ ಬೇಡ.

ಹನ್ನೆರಡನೇ ವರ್ಷದ ಕೊನೆಯ ಪರೀಕ್ಷೆಯನ್ನು ಲಘುವಾಗಿ ಕಾಣಬೇಡಿ. ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಶಿಕ್ಷಕರು ಬರೆಯುವ ನಿರೀಕ್ಷಿತ ಗ್ರೇಡ್‌ಗೆ ಬಹುಮಟ್ಟಿಗೆ ಅದೇ ಆಧಾರ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ವೈದ್ಯಕೀಯ ಕೋರ್ಸ್‌ಗಳ ಅರ್ಜಿಗೆ ಮುಂದಿನ ವರ್ಷದ ಅಕ್ಟೋಬರ್ 15 ಕೊನೆಯ ದಿನ. ವೈದ್ಯಕೀಯಕ್ಕಾದರೆ ಯುಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯನ್ನು ಅದಕ್ಕೂ ಮೊದಲೇ ಬರೆದಿರಬೇಕು.

ಇನ್ನು ಊರಿಗೆ ಹೋಗುವ ವಿಚಾರ: ಶಾಲೆಯ ಪರೀಕ್ಷಾ ದಿನಾಂಕ ನೋಡದೆ ಬೆಂಗಳೂರಿನ ಟಿಕೆಟ್ ತೆಗೆಯಬೇಡಿ. ಹಲವು ಕಡೆ ಕ್ರಿಸ್‌ಮಸ್ ರಜೆ ಮುಗಿಯುತ್ತಿದ್ದಂತೆಯೇ ಮಾಕ್ (ಪೂರ್ವಸಿದ್ಧತಾ) ಪರೀಕ್ಷೆ ಇರುತ್ತದೆ.

ವಿಷಯ ಬದಲಿಸಬೇಕೆನಿಸಿದರೆ ಮೊದಲ ಕೆಲವು ವಾರಗಳಲ್ಲೇ ಶಾಲೆಯೊಂದಿಗೆ ಮಾತನಾಡಿ. ಪ್ರಶ್ನೆಗಳಿದ್ದರೆ ಇಲ್ಲಿಯೇ ಹಾಕಿ.