ಗೆಳೆಯನಿಗೊಂದು ಪತ್ರ: ಅಟ್ಟದ ಮೇಲಿನ ಕೊಳಗ

ಸಾಗರ, ಜಡಿಮಳೆಯ ಒಂದು ಸಂಜೆ

ಪ್ರೀತಿಯ ಗೆಳೆಯಾ,

ನೀಲಿ ಛತ್ರಿ ಇನ್ನೂ ಸಿಕ್ಕಿಲ್ಲ. ಇದನ್ನು ಓದುತ್ತಿರುವ ಉಳಿದವರು ಕ್ಷಮಿಸಬೇಕು, ಛತ್ರಿಯ ಸಂಗತಿ ನಮ್ಮಿಬ್ಬರದು.

ಕಳೆದ ಸಲ ನೀನು ಬಂದಾಗ ಜಗುಲಿಯಲ್ಲಿ ಕುಳಿತು ನಡುರಾತ್ರಿಯವರೆಗೆ ವಾದಿಸಿದ್ದು ನೆನಪಿದೆಯಷ್ಟೆ. ದೇಶ ಉದ್ಧಾರವಾಗುವುದು ತಂತ್ರಜ್ಞಾನದಿಂದ ಎಂದು ನೀನು, ಆ ತಂತ್ರಜ್ಞಾನ ಯಾರ ಕೈಯಲ್ಲಿದೆ ಎಂಬುದರಿಂದ ಎಂದು ನಾನು. 2024ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡರಾನ್ ಅಸೆಮೋಗ್ಲು, ಸೈಮನ್ ಜಾನ್ಸನ್, ಜೇಮ್ಸ್ ರಾಬಿನ್ಸನ್ ಮೂವರನ್ನೂ ನನ್ನ ಕಡೆಯ ಸಾಕ್ಷಿಗಳಾಗಿ ಕರೆತಂದಿದ್ದೆ. ಆಸ್ತಿ, ನ್ಯಾಯ, ಅಧಿಕಾರಗಳ ಏರ್ಪಾಡು ಹೆಚ್ಚು ಜನರನ್ನು ಒಳಗೊಂಡಲ್ಲಿ ನಾಡು ಬೆಳೆಯುತ್ತದೆ, ಕೆಲವರು ಉಳಿದವರನ್ನು ಹಿಂಡಲು ಅನುವಾಗಿದ್ದಲ್ಲಿ ಸೊರಗುತ್ತದೆ ಎಂಬುದು ಅವರ ವಾದದ ತಿರುಳು. ಅಮೆರಿಕದಲ್ಲಿ 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರವನ್ನು ಕಂಡುಹಿಡಿದ ಮೇಲೆ ದುಡಿಯುವವರ ಕಷ್ಟ ಕಡಿಮೆಯಾಗಬೇಕಿತ್ತು. ಆದರೆ ಹತ್ತಿ ಲಾಭದ ಬೆಳೆಯಾಗಿ, 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ 40 ಲಕ್ಷದ ಹತ್ತಿರ ಬಂದಿತು. ಇಷ್ಟು ಹೇಳಿದಾಗ ನೀನು ಸುಮ್ಮನಾದೆ, ನಾನು ಗೆದ್ದೆನೆಂದುಕೊಂಡು ನಿದ್ದೆ ಮಾಡಿದೆ.

ಹೋದ ತಿಂಗಳು ಸೋರುವ ಹೆಂಚು ಬದಲಿಸಲು ಅಟ್ಟ ಹತ್ತಿದಾಗ ಅಜ್ಜನ ಕಾಲದ ಕೊಳಗಗಳು ಕಣ್ಣಿಗೆ ಬಿದ್ದವು, ಎರಡು. ಒಂದರೊಳಗೆ ಇನ್ನೊಂದು ಸಲೀಸಾಗಿ ಕೂರುತ್ತಿತ್ತು. ಇಲ್ಲಿಂದ ಕೂಗಳತೆಯಲ್ಲಿರುವ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ನಾವಿಬ್ಬರೂ ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಂಗತಿ. ಗೇಣಿಯ ಭತ್ತ ಅಳೆದುಕೊಳ್ಳುವ ಕೊಳಗದ ಗಾತ್ರವೇ ಆ ಜಗಳದ ಒಂದು ಮೂಲವಾಗಿತ್ತು ಎಂಬುದೂ ಗೊತ್ತಿತ್ತು. ದೊಡ್ಡ ಕೊಳಗ ನಮ್ಮ ಅಟ್ಟದ ಮೇಲೂ ಇದ್ದೀತೆಂದು ಮಾತ್ರ ನನಗೆ ಎಂದೂ ತೋಚಿರಲಿಲ್ಲ. ಅನ್ಯಾಯ ಮಾಡಿದ ಒಡೆಯರು ಯಾವಾಗಲೂ ಪಕ್ಕದ ಊರಿನವರಾಗಿರುತ್ತಾರೆ, ನೋಡು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಅಟ್ಟ ಇಳಿದ ಮೇಲೂ ಮನಸ್ಸು ತಡೆಯದೆ, ಕೆಳಗಿನ ಗದ್ದೆಯ ಹಳೆಯ ಕೈಬರಹದ ಪಹಣಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿದೆ. ಹನ್ನೆರಡನೆಯ ಕಾಲಂ, ಅಂದರೆ ಸಾಗುವಳಿದಾರನ ಹೆಸರಿನ ಜಾಗದಲ್ಲಿ, ವರ್ಷಗಳ ಕಾಲ ಒಂದೇ ಹೆಸರಿತ್ತು. ಅದು ನಿನ್ನ ಅಜ್ಜನದು. ಆಮೇಲಿನ ಹಾಳೆಗಳಲ್ಲಿ ಅಲ್ಲಿ "ಸ್ವಂತ" ಎಂದಿದೆ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಉಳುವ ಜಮೀನು ತಮ್ಮದಾಗಬೇಕೆಂದರೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಡಬೇಕಿತ್ತು, ಅದರ ಗಡುವನ್ನು 1979ರ ಜೂನ್ 30ರವರೆಗೆ ವಿಸ್ತರಿಸಲಾಗಿತ್ತು. ನಿನ್ನ ಅಜ್ಜ ಕೊಡಲಿಲ್ಲ. ಯಾಕೆಂದು ಅಮ್ಮನನ್ನು ಕೇಳಿದೆ. "ನಮ್ಮ ನಿಮ್ಮ ನಡುವೆ ಕಾಗದ ಯಾಕೆ ಅಂತ ನಮ್ಮ ಮನೆಯ ಅಜ್ಜ ಅವರನ್ನು ಕರೆಸಿ ಕಾಫಿ ಕೊಟ್ಟಿದ್ದರು" ಎಂದಳು. ಹೇಳಿ ಹೂವು ಕಟ್ಟುವುದನ್ನು ಮುಂದುವರಿಸಿದಳು.

ಜಮೀನಿನ ದಾಖಲೆಗಳಿಗೆಂದು ಸರ್ಕಾರ ತಂದ ನಿನ್ನ "ಭೂಮಿ" ತಂತ್ರಾಂಶವನ್ನು ನಾನು ಎಷ್ಟು ಹೊಗಳಿದ್ದೆ! ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು, ಕೈಬರಹದ ಪಹಣಿಗೆ ಬೆಲೆಯಿಲ್ಲದಾಯಿತು, ಕಾಗದಕ್ಕಾಗಿ ಶಾನುಭೋಗರ ಮನೆ ಬಾಗಿಲಲ್ಲಿ ಕಾಯುವ ದೈನ್ಯ ತಪ್ಪಿತು. ಇದೆಲ್ಲ ನಿಜವೇ. ಆದರೆ ಯಂತ್ರ ತನ್ನ ಮುಂದಿಟ್ಟ ಹಾಳೆಯನ್ನು ಚಾಚೂ ತಪ್ಪದೆ ನಕಲು ಮಾಡಿತು, ಹಾಳೆಯ ಹಿಂದಿನ ಕಾಫಿಯ ಲೋಟ ಅದಕ್ಕೆ ಕಾಣಲಿಲ್ಲ. ಶರಾವತಿ ಹಿನ್ನೀರಿನಲ್ಲಿ ಊರು ಮುಳುಗಿಸಿಕೊಂಡವರ ಪೈಕಿ ಎಷ್ಟೋ ಮಂದಿ, ಅಣೆಕಟ್ಟು ಮುಗಿದು ಆರು ದಶಕ ಕಳೆದರೂ, ಕಾಡಿನ ಜಾಗದಲ್ಲಿ ಹಕ್ಕುಪತ್ರವಿಲ್ಲದೆ ಕುಳಿತಿರುವುದೂ ಇದೇ ಬಗೆಯ ನಿಷ್ಠಾವಂತ ದಾಖಲೆಗಳ ಕೃಪೆ. ಅವರ ನದಿಯ ವಿದ್ಯುತ್ತಿನಲ್ಲೇ ನಾನು ಈ ಪತ್ರ ಬರೆಯುತ್ತಿದ್ದೇನೆ.

ಆ ಗದ್ದೆಯನ್ನು ಅಪ್ಪ ಮಾರಿದರು. ಆ ಹಣದಲ್ಲಿ ನನ್ನ ಎಂಜಿನಿಯರಿಂಗ್ ಶುಲ್ಕ ಕಟ್ಟಿದರು. ನೀನು ಅದೇ ವರ್ಷ ಪಿಯುಸಿ ಮುಗಿಸಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯಲು ಹೋದೆ, ಕಂಪ್ಯೂಟರನ್ನು ರಾತ್ರಿ ತರಗತಿಯಲ್ಲಿ ಕಲಿತೆ. ನಿನ್ನ ಅಂಕಗಳು ನನಗಿಂತ ಹೆಚ್ಚಿದ್ದವು. ಇಷ್ಟು ವರ್ಷ ಅದನ್ನು ನಿನ್ನ ಹಟಮಾರಿತನ ಎಂದು ಎಲ್ಲರ ಮುಂದೆ ಕೊಂಡಾಡುತ್ತಿದ್ದವನು ನಾನೇ. ನಿನಗೆ ಇದು ಮೊದಲೇ ಗೊತ್ತಿತ್ತೇ? ಗೊತ್ತಿದ್ದೂ ಆ ರಾತ್ರಿ ಸುಮ್ಮನಾದೆಯೇ?

ಬರೆಯಬೇಕೆಂದುಕೊಂಡದ್ದು ನೊಬೆಲ್ ವಿಷಯ, ಎಲ್ಲಿಗೋ ಬಂದೆ. ಫೋನು ಮಾಡಿ ಹೇಳುವ ಧೈರ್ಯವಿಲ್ಲದೆ ಊರಿಗೆಲ್ಲ ಡಂಗುರ ಸಾರುವವನನ್ನು ನಮ್ಮ ಮೀಸೆ ಮಾಸ್ತರು ಏನೆನ್ನುತ್ತಿದ್ದರೆಂದು ನಿನಗೆ ತಿಳಿದಿದೆ, ಇಲ್ಲಿ ಬರೆಯುವಂತಿಲ್ಲ.

ದೊಡ್ಡ ಕೊಳಗವನ್ನು ಮಗಳು ಎತ್ತಿಕೊಂಡು ಹೋಗಿ ಮೊಬೈಲ್ ಚಾರ್ಜರುಗಳನ್ನು ತುಂಬಿಟ್ಟಿದ್ದಾಳೆ. ದೀಪಾವಳಿಗೆ ಬಾ. ಹೊಸ ಅಕ್ಕಿ ಕೊಟ್ಟು ಕಳಿಸುತ್ತೇನೆ, ಅಳೆಯಲು ನಿನ್ನದೇ ಸೇರು ತಂದರೆ ಒಳ್ಳೆಯದು.

ಇಂತಿ ನಿನ್ನ,
ಛತ್ರಿ ಕಳೆದವನು