ಅಧ್ಯಯನ ವಿಶ್ವವಿದ್ಯಾಲಯದ್ದೋ, ದಾನಿಯದ್ದೋ?

ಮಾನ್ಯ ಸಂಪಾದಕರೇ,

ಸರ್ಕಾರಿ ನಿಯಮಗಳ ಭಾರಕ್ಕೆ ಉದ್ಯಮಗಳು ಹೇಗೆ ನಲುಗುತ್ತಿವೆ ಎಂಬುದನ್ನು ಕುರಿತು ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಲೇಖಕರ ವಾದದಲ್ಲಿ ಹುರುಳಿದೆ. ಆದರೆ ಅದಕ್ಕೆ ಆಧಾರವಾಗಿ ‘ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಅಧ್ಯಯನ’ ಎಂದಷ್ಟೇ ಹೇಳಿ ಅವರು ಮುಂದೆ ಸಾಗಿದ್ದಾರೆ. ಅಧ್ಯಯನ ನಡೆಸಿದ್ದು ಆ ವಿಶ್ವವಿದ್ಯಾಲಯದಲ್ಲಿ ನೆಲೆ ನಿಂತಿರುವ, ಮಾರುಕಟ್ಟೆಯ ಪರ ವಾದಿಸುವ ನೀತಿ ಸಂಶೋಧನಾ ಕೇಂದ್ರವಾದ ಮರ್ಕೇಟಸ್ ಸೆಂಟರ್. ಈ ವ್ಯತ್ಯಾಸವನ್ನು ಓದುಗರಿಗೆ ತಿಳಿಸಬೇಕಿತ್ತು.

ಜಾರ್ಜ್ ಮೇಸನ್ ವರ್ಜೀನಿಯಾ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ. ಮರ್ಕೇಟಸ್ ಇರುವುದು ಆರ್ಲಿಂಗ್ಟನ್‌ನಲ್ಲಿ. ಪೊಟೋಮ್ಯಾಕ್ ನದಿ ದಾಟಿದರೆ ವಾಷಿಂಗ್ಟನ್. ರಿಚರ್ಡ್ ಫಿಂಕ್ ಎಂಬ ಅರ್ಥಶಾಸ್ತ್ರಜ್ಞ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ್ದ ಕೇಂದ್ರ 1980ರ ದಶಕದಲ್ಲಿ ಜಾರ್ಜ್ ಮೇಸನ್‌ಗೆ ಬಂತು, 1999ರಲ್ಲಿ ಈಗಿನ ಹೆಸರು ಪಡೆಯಿತು. ಅದರ ಬೆನ್ನಿಗಿದ್ದದ್ದು ಕ್ಯಾನ್ಸಸ್‌ನ ತೈಲೋದ್ಯಮಿ ಚಾರ್ಲ್ಸ್ ಕೋಕ್ ಅವರ ಹಣ. ಕೇಂದ್ರದ ನಿರ್ದೇಶಕ ಮಂಡಳಿಯಲ್ಲೂ ಅವರಿಗೆ ಸ್ಥಾನವಿತ್ತು. ವಿಶ್ವವಿದ್ಯಾಲಯದಿಂದಾಗಲಿ ಸರ್ಕಾರದಿಂದಾಗಲಿ ತಾನು ಹಣ ಪಡೆಯುವುದಿಲ್ಲ ಎಂದು ಮರ್ಕೇಟಸ್ ಹೇಳಿಕೊಳ್ಳುತ್ತದೆ. ಹೆಸರನ್ನು ಮಾತ್ರ ಪಡೆಯುತ್ತದೆ. ಸರ್ಕಾರ ಚಿಕ್ಕದಾಗಬೇಕು ಎನ್ನುವವರು ಸರ್ಕಾರಿ ವಿಶ್ವವಿದ್ಯಾಲಯದ ಅಂಗಳದಲ್ಲಿ ಕುಳಿತು ವಾದಿಸುವುದು ತಮಾಷೆಯಾಗಿ ಕಂಡರೂ ಅದರ ಹಿಂದೆ ಲೆಕ್ಕಾಚಾರವಿದೆ.

ಆ ಲೆಕ್ಕಾಚಾರವನ್ನು ಫಿಂಕ್ ಅವರೇ 1996ರ ಬರಹವೊಂದರಲ್ಲಿ ಬಿಚ್ಚಿಟ್ಟಿದ್ದಾರೆ. ವಿಶ್ವವಿದ್ಯಾಲಯಗಳಲ್ಲಿ ಹುಟ್ಟುವ ವಿಚಾರಗಳು ಕಚ್ಚಾ ಸಾಮಗ್ರಿ. ನೀತಿ ಕೇಂದ್ರಗಳು ಅವನ್ನು ಶಾಸಕರಿಗೂ ಪತ್ರಕರ್ತರಿಗೂ ಬಳಸಲು ಬರುವ ಸರಕಾಗಿ ಮಾರ್ಪಡಿಸುತ್ತವೆ. ಆಮೇಲೆ ಕಾರ್ಯಕರ್ತರ ಸಂಘಟನೆಗಳು ಅದನ್ನು ಹಿಡಿದು ಸರ್ಕಾರದ ಮೇಲೆ ಒತ್ತಡ ಹೇರುತ್ತವೆ. ಸಮಾಜವನ್ನು ಬದಲಿಸಬೇಕೆನ್ನುವ ದಾನಿಗೆ ಈ ಮೂರೂ ಹಂತಗಳು ಬೇಕು. ಇಷ್ಟನ್ನು ಮುಚ್ಚುಮರೆಯಿಲ್ಲದೆ ಬರೆದದ್ದಕ್ಕೆ ಫಿಂಕ್ ಅವರನ್ನು ಮೆಚ್ಚಲೇಬೇಕು. ಅವರು ಮುಂದೆ ಕೋಕ್ ಉದ್ಯಮ ಸಮೂಹದಲ್ಲಿ ಉನ್ನತ ಹುದ್ದೆಗೂ ಏರಿದರು.

ಈ ವ್ಯವಸ್ಥೆ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, 2001ರಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಆಡಳಿತ ಬದಲಿಸಬೇಕಾದ ಅಥವಾ ಕೈಬಿಡಬೇಕಾದ ನಿಯಮಗಳೆಂದು ಆರಿಸಿಕೊಂಡ 23ರಲ್ಲಿ 14 ನಿಯಮಗಳು ಮರ್ಕೇಟಸ್ ಸೂಚಿಸಿದ್ದಂಥವು. ಆಗ ಕೇಂದ್ರದ ನಿಯಂತ್ರಣ ಅಧ್ಯಯನ ವಿಭಾಗದ ಮುಂಚೂಣಿಯಲ್ಲಿದ್ದವರು ವೆಂಡಿ ಗ್ರಾಮ್. ಅವರು ಹಿಂದೆ ವಾಯಿದೆ ವ್ಯಾಪಾರದ ನಿಯಂತ್ರಣ ಆಯೋಗದ ಅಧ್ಯಕ್ಷೆಯಾಗಿದ್ದರು. 1993ರ ಆರಂಭದಲ್ಲಿ ಆಯೋಗ ಇಂಧನ ವಹಿವಾಟಿಗೆ ವಿನಾಯಿತಿ ನೀಡಿತು, ಕೆಲವೇ ವಾರಗಳಲ್ಲಿ ಅವರು ಎನ್ರಾನ್ ಎಂಬ ಇಂಧನ ಕಂಪನಿಯ ನಿರ್ದೇಶಕ ಮಂಡಳಿ ಸೇರಿದರು. ಮಹಾರಾಷ್ಟ್ರದಲ್ಲಿ ಅದು ಕೈಗೊಂಡ ದಾಭೋಲ್ ವಿದ್ಯುತ್ ಯೋಜನೆಯ ರಗಳೆ ನೆನಪಿರುವ ನಮ್ಮ ಓದುಗರಿಗೆ ಎನ್ರಾನ್ ಪರಿಚಯ ಬೇಕಿಲ್ಲ. ಅದೇ ವಿಭಾಗವನ್ನು ಬಳಿಕ ನಡೆಸಿದ ಸೂಸನ್ ಡಡ್ಲಿ ಅವರನ್ನು ಬುಷ್ 2007ರಲ್ಲಿ ಶ್ವೇತಭವನದ ನಿಯಮ ಪರಿಶೀಲನಾ ಕಚೇರಿಯ ಮುಖ್ಯಸ್ಥೆಯಾಗಿ ನೇಮಿಸಿದರು, ಅದೂ ಸೆನೆಟ್ ಬಿಡುವಿನಲ್ಲಿದ್ದಾಗ, ಅದರ ಒಪ್ಪಿಗೆಗೆ ಕಾಯದೆ. ಫೆಡರಲ್ ಸರ್ಕಾರದ ಮಹತ್ವದ ನಿಯಮಗಳು ಹಾದುಹೋಗಬೇಕಾದ ಬಾಗಿಲು ಆ ಕಚೇರಿ. ಟ್ರಂಪ್ ಅವರ ಮೊದಲ ಅವಧಿಯಲ್ಲಿ ಅಲ್ಲಿ ಕುಳಿತವರು ನಿಯೋಮಿ ರಾವ್. ಮರ್ಕೇಟಸ್‌ನವರಲ್ಲದಿದ್ದರೂ ಜಾರ್ಜ್ ಮೇಸನ್‌ನದೇ ಕಾನೂನು ಪ್ರಾಧ್ಯಾಪಕಿ.

ಹಾಗೆಂದು ಅಲ್ಲಿಂದ ಬರುವ ಅಧ್ಯಯನಗಳೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. 2018ರಲ್ಲಿ ಅಲ್ಲಿನ ಚಾರ್ಲ್ಸ್ ಬ್ಲಾಹೌಸ್, ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರ ಸಾರ್ವತ್ರಿಕ ಆರೋಗ್ಯ ವಿಮೆ ಯೋಜನೆಯಿಂದ ಫೆಡರಲ್ ಸರ್ಕಾರದ ಖರ್ಚು ಹತ್ತು ವರ್ಷಗಳಲ್ಲಿ ಸುಮಾರು 32.6 ಲಕ್ಷ ಕೋಟಿ ಡಾಲರ್ ಹೆಚ್ಚುತ್ತದೆ ಎಂದು ಲೆಕ್ಕ ಹಾಕಿದರು. ಅದೇ ವರದಿಯ ಕೋಷ್ಟಕದಲ್ಲಿ, ಯೋಜನೆಯವರ ಊಹೆಗಳನ್ನೇ ಒಪ್ಪಿಕೊಂಡರೆ ಇಡೀ ದೇಶದ ಆರೋಗ್ಯ ವೆಚ್ಚ ಸುಮಾರು 2 ಲಕ್ಷ ಕೋಟಿ ಡಾಲರ್ ಇಳಿಯುತ್ತದೆ ಎಂಬ ಅಂಕಿಯೂ ಇತ್ತು. ಸ್ಯಾಂಡರ್ಸ್ ಅದನ್ನು ಎತ್ತಿ ತೋರಿಸಿ ಕೋಕ್ ಸಹೋದರರಿಗೆ ವ್ಯಂಗ್ಯವಾಗಿ ಧನ್ಯವಾದ ಹೇಳಿದರು. ಆ ಊಹೆಗಳು ತೀರಾ ಉದಾರವಾದವು ಎಂದು ಬ್ಲಾಹೌಸ್ ಆಕ್ಷೇಪಿಸಿದರು. ದಾನಿಗೆ ಇರಿಸುಮುರಿಸಾಗುವ ಅಂಕಿಯನ್ನು ಅವರು ಅಳಿಸಿ ಹಾಕಿರಲಿಲ್ಲ ಎಂಬುದನ್ನು ಗಮನಿಸಬೇಕು.

ಮಾರುಕಟ್ಟೆಯ ಪರ ಮಾತನಾಡುವವರಿಗೆ ವಿಶ್ವವಿದ್ಯಾಲಯದಲ್ಲಿ ಜಾಗವಿರಬಾರದು ಎಂಬ ಅಭಿಪ್ರಾಯವೂ ನನ್ನದಲ್ಲ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಬಿ.ಆರ್. ಶೆಣೈ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗಲೇ, 1955ರಲ್ಲಿ, ಎರಡನೆಯ ಪಂಚವಾರ್ಷಿಕ ಯೋಜನೆಯ ಬಗ್ಗೆ ಭಿನ್ನಮತದ ಟಿಪ್ಪಣಿ ಬರೆದರು. ಆ ಯೋಜನೆ ಕುರಿತ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಹಾಗೆ ಬರೆದವರು ಅವರೊಬ್ಬರೇ. ಕೊರತೆ ಹಣಕಾಸಿನ, ಅಂದರೆ ಹೊಸ ನೋಟು ಮುದ್ರಿಸಿ ಬಜೆಟ್ ಕೊರತೆ ತುಂಬುವ ಕ್ರಮದ, ಅಪಾಯದ ಬಗ್ಗೆ ಅವರು ನೀಡಿದ್ದ ಎಚ್ಚರಿಕೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1957ರ ಹೊತ್ತಿಗೆ ದೇಶ ವಿದೇಶಿ ವಿನಿಮಯದ ಮುಗ್ಗಟ್ಟಿಗೆ ಸಿಲುಕಿತು. ಅಂಥ ಭಿನ್ನಮತಕ್ಕೆ ಆಶ್ರಯ ಕೊಡದಿದ್ದರೆ ವಿಶ್ವವಿದ್ಯಾಲಯ ಇದ್ದೇನು ಪ್ರಯೋಜನ?

ನನ್ನ ತಕರಾರು ಇರುವುದು ಅಧ್ಯಾಪಕರನ್ನು ಆರಿಸುವವರು ಯಾರು ಎಂಬುದರಲ್ಲಿ. 2018ರ ಏಪ್ರಿಲ್‌ನಲ್ಲಿ ಮಾಹಿತಿ ಹಕ್ಕಿನ ಕೋರಿಕೆಯಿಂದಾಗಿ ಜಾರ್ಜ್ ಮೇಸನ್‌ನ ಹಳೆಯ ದೇಣಿಗೆ ಒಪ್ಪಂದಗಳು ಹೊರಬಂದವು. 2003ರಿಂದ 2011ರವರೆಗಿನ ಆ ಕಾಗದಗಳಲ್ಲಿ ಪ್ರಾಧ್ಯಾಪಕರ ಆಯ್ಕೆ ಮತ್ತು ಮೌಲ್ಯಮಾಪನದ ಸಮಿತಿಗಳಲ್ಲಿ ದಾನಿಗಳಿಗೆ ಪಾತ್ರ ನೀಡಲಾಗಿತ್ತು. ಅಂತಿಮ ತೀರ್ಮಾನ ವಿಶ್ವವಿದ್ಯಾಲಯದ್ದೇ ಎಂಬ ಸಮಜಾಯಿಷಿ ಬಂತು. ಆದರೂ ಅಂದಿನ ಅಧ್ಯಕ್ಷ ಆಂಹೆಲ್ ಕಬ್ರೇರಾ, ಕೆಲವು ಒಪ್ಪಂದಗಳು ಶೈಕ್ಷಣಿಕ ಸ್ವಾತಂತ್ರ್ಯದ ಮಟ್ಟವನ್ನು ಮುಟ್ಟುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ದೇಣಿಗೆಯ ಕಾಗದಪತ್ರ ಬೇಕೆಂದು ವಿದ್ಯಾರ್ಥಿಗಳ ಗುಂಪೊಂದು ಹೂಡಿದ ದಾವೆಯೂ ನಡೆಯುತ್ತಿತ್ತು. ಹಣ ಪಡೆಯುವುದು ವಿಶ್ವವಿದ್ಯಾಲಯದ ಪ್ರತಿಷ್ಠಾನ, ಅದು ಸಾರ್ವಜನಿಕ ಸಂಸ್ಥೆಯಲ್ಲ, ಹಾಗಾಗಿ ಕಾಗದಪತ್ರ ತೋರಿಸಬೇಕಿಲ್ಲ ಎಂದು 2019ರ ಡಿಸೆಂಬರ್‌ನಲ್ಲಿ ವರ್ಜೀನಿಯಾ ಸುಪ್ರೀಂ ಕೋರ್ಟ್ ತೀರ್ಪು ನೀಡಿತು.

ಈ ಪ್ರತಿಷ್ಠಾನದ ಉಪಾಯ ನಮ್ಮಲ್ಲಿಗೆ ಬರಲು ತಡವಾಗದು. ಅಧ್ಯಾಪಕ ಹುದ್ದೆಗಳು ಖಾಲಿ ಬಿದ್ದಿರುವ, ನಿವೃತ್ತರ ಪಿಂಚಣಿಗೂ ಪರದಾಡುವ ರಾಜ್ಯ ವಿಶ್ವವಿದ್ಯಾಲಯಗಳ ಮುಂದೆ ಯಾರಾದರೂ ಹಣದ ಚೀಲ ಇಟ್ಟರೆ, ಷರತ್ತುಗಳನ್ನು ಸಾಲು ಸಾಲಾಗಿ ಓದುವ ವ್ಯವಧಾನ ಕುಲಪತಿಗಳಿಗೆ ಎಲ್ಲಿರುತ್ತದೆ? ದತ್ತಿ ಪೀಠಗಳ ಒಪ್ಪಂದಗಳನ್ನು ಸಹಿ ಹಾಕಿದ ದಿನವೇ ಸಾರ್ವಜನಿಕರಿಗೆ ತೆರೆದಿಡುವಂತೆ ಉನ್ನತ ಶಿಕ್ಷಣ ಇಲಾಖೆ ಈಗಲೇ ಆದೇಶಿಸಬೇಕು. ದಾನಿ ಎಡಪಂಥೀಯನಾಗಿರಲಿ, ಬಲಪಂಥೀಯನಾಗಿರಲಿ, ಮಠವಾಗಲಿ, ಐಟಿ ಕಂಪನಿಯಾಗಲಿ, ನಿಯಮ ಒಂದೇ ಇರಲಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಲೇಖನದ ಆ ಅಧ್ಯಯನ ಮರ್ಕೇಟಸ್ ಸೆಂಟರ್‌ನದು, ಅದಕ್ಕೆ ಕೋಕ್ ಪ್ರತಿಷ್ಠಾನಗಳ ನೆರವಿದೆ ಎಂಬ ಸ್ಪಷ್ಟನೆಯನ್ನು ಪ್ರಕಟಿಸಿ. ಮುಂದೆ ಯಾವ ವಿಶ್ವವಿದ್ಯಾಲಯದ ಅಧ್ಯಯನವನ್ನು ಉಲ್ಲೇಖಿಸಿದರೂ ಅದು ಯಾವ ಕೇಂದ್ರದ್ದು, ಹಣ ಯಾರದು ಎಂಬುದನ್ನು ಲೇಖಕರಿಂದ ಕೇಳಿ ಪಡೆದು ಜೊತೆಗೇ ಅಚ್ಚು ಮಾಡಿ.

ಇತಿ,
ನಿಮ್ಮ ಓದುಗ,
ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕ, ಧಾರವಾಡ